ಸಂಚಿಕೆ ಬಂದಿಲ್ಲವೇ? ಮೊದಲು ಖಾಲಿ ಮನೆಯ ಆಕಾರ ನೋಡಿ

ಗ್ರಂಥಾಲಯಕ್ಕೆ ಬಂದ ಪತ್ರಿಕೆಗಳ ಸಂಚಿಕೆಗಳನ್ನು ಗುರುತು ಹಾಕುವ ಕಾರ್ಡುಗಳ ಕಾರ್ಡೆಕ್ಸ್ ಟ್ರೇ ಎಳೆದಾಗ ಜುಲೈ ಮನೆ ಖಾಲಿ ಕಂಡರೆ ಕೈ ತಾನಾಗಿ, ಬಾರದ ಸಂಚಿಕೆ ಕೇಳಿ ಬರೆಯುವ ಕ್ಲೇಮ್ ಪತ್ರದ ಕಡೆ ಹೋಗುತ್ತದೆ, ಬಾಯಿ ಅಂಚೆಯವರನ್ನು ಬೈಯುತ್ತದೆ. ಎರಡನ್ನೂ ಹತ್ತು ನಿಮಿಷ ತಡೆಯಿರಿ. ಪ್ರಕಟವೇ ಆಗದ ಸಂಚಿಕೆಗೆ, ಚಂದಾ ಮುಗಿದ ಮೇಲಿನ ಸಂಚಿಕೆಗೆ, ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಮಲಗಿರುವ ಸಂಚಿಕೆಗೆ ಕ್ಲೇಮ್ ಬರೆದರೆ ಪ್ರಕಾಶಕರ ಹತ್ತಿರ ನಮ್ಮ ಮಾತಿನ ಬೆಲೆ ಇಳಿಯುತ್ತದೆ. ನಾಳೆ ನಿಜವಾಗಿ ಕಳೆದದ್ದಕ್ಕೆ ಬರೆದ ಪತ್ರವೂ ಅದೇ ಕಟ್ಟಿಗೆ ಬೀಳುತ್ತದೆ.

ಒಂದು ಖಾಲಿ ಮನೆಯನ್ನೇ ದಿಟ್ಟಿಸಿದರೆ ಏನೂ ತಿಳಿಯುವುದಿಲ್ಲ. ಅದರ ಅಕ್ಕಪಕ್ಕದ ಮನೆಗಳನ್ನು, ಆಮೇಲೆ ಪಕ್ಕದ ಕಾರ್ಡುಗಳನ್ನು ನೋಡಿ. ಆಕಾರ ನಾಲ್ಕೇ.

ಹಿಂದಿನದೂ ಬಂದಿದೆ, ಮುಂದಿನದೂ ಬಂದಿದೆ, ನಡುವಿನದು ಮಾತ್ರ ಇಲ್ಲ. ಇದು ತೂತು. ಚಂದಾ ಸರಿ ಇದೆ, ವಿಳಾಸ ಸರಿ ಇದೆ. ಸಂಚಿಕೆ ದಾರಿಯಲ್ಲಿ ಕಳೆದಿರಬೇಕು, ನಮ್ಮ ಕಟ್ಟಡದೊಳಗೆ ಸಿಕ್ಕಿಬಿದ್ದಿರಬೇಕು, ಇಲ್ಲವೇ ಜೋಡಿ ಸಂಚಿಕೆಯಾಗಿ ಬಂದಿರಬೇಕು.

ಒಂದು ತಿಂಗಳಿನಿಂದಾಚೆ ಏನೂ ಇಲ್ಲ. ಇದು ಕಡಿತ. ಚಂದಾ ಮುಗಿದಿದೆ, ಹಣ ಜಮೆಯಾಗಿಲ್ಲ, ವಿಳಾಸ ಬದಲಾಗಿದೆ ಅಥವಾ ಪತ್ರಿಕೆಯೇ ನಿಂತಿದೆ. ಅಂಚೆಯನ್ನು ಸಂಶಯಿಸುವುದು ಕೊನೆಯಲ್ಲಿ.

ಒಬ್ಬ ಏಜೆಂಟ್ ಪೂರೈಸುವ ಐದಾರು ಶೀರ್ಷಿಕೆಗಳು ಒಟ್ಟಿಗೆ ನಿಂತಿವೆ, ಬೇರೆಯವರ ಮೂಲಕ ಬರುವವು ಸರಿಯಾಗಿ ಬರುತ್ತಿವೆ. ಅಂಚೆ, ಪ್ರಕಾಶಕ ಇಬ್ಬರನ್ನೂ ಬಿಟ್ಟು ನೇರವಾಗಿ ಏಜೆಂಟ್‌ಗೆ ಫೋನ್ ಮಾಡಿ.

ಎಲ್ಲ ಪತ್ರಿಕೆಗಳಲ್ಲೂ ಒಂದೇ ಅವಧಿಯ ಮನೆಗಳು ಖಾಲಿ, ಉದಾಹರಣೆಗೆ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದವರೆಗೆ. ದೋಷ ನಮ್ಮ ಬಾಗಿಲಿನದು.

ಇಷ್ಟು ಗೊತ್ತಾದರೆ ಕೆಳಗಿನದರಲ್ಲಿ ಯಾವ ಭಾಗ ಓದಬೇಕೆಂಬುದು ತಾನೇ ತಿಳಿಯುತ್ತದೆ.

ಹೊರಬಂದೇ ಇಲ್ಲದ ಸಂಚಿಕೆ

ತೂತು ಕಂಡ ಕೂಡಲೇ ಮುಂದಿನ ಸಂಚಿಕೆಯ ಮುಖಪುಟ ಬಿಡಿ, ಒಳಗಿನ ವಿವರ ಪುಟ ತೆರೆಯಿರಿ. ಸಂಪುಟ, ಸಂಚಿಕೆಯ ಸಂಖ್ಯೆ ನಿಜವಾಗಿ ಇರುವುದು ಅಲ್ಲಿ.

‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಪ್ರತಿ ಶನಿವಾರದ ವಾರಪತ್ರಿಕೆ. 2019ರ ಜೂನ್ 29ರದು 54ನೇ ಸಂಪುಟದ 26–27 ಜೋಡಿ ಸಂಚಿಕೆ. ಕಾರ್ಡಿನಲ್ಲಿ 26ಕ್ಕೆ ಗುರುತು ಹಾಕಿ 27ನ್ನು ಖಾಲಿ ಬಿಟ್ಟರೆ ಇಲ್ಲದ ಸಂಚಿಕೆಯನ್ನು ವರ್ಷಗಟ್ಟಲೆ ಹುಡುಕುತ್ತಿರಬೇಕಾಗುತ್ತದೆ. ಜೋಡಿ ಸಂಚಿಕೆ ಬಂದರೆ ಎರಡೂ ಮನೆಗಳ ಮೇಲೆ ಒಂದೇ ಗೆರೆ ಎಳೆದು ‘26–27 ಜೋಡಿ’ ಎಂದು ಬರೆಯಿರಿ.

‘ಕರೆಂಟ್ ಸೈನ್ಸ್’ನ ತೊಂದರೆ ಬೇರೆ ಬಗೆಯದು. ಅದು ಪಾಕ್ಷಿಕ, ತಿಂಗಳ 10 ಮತ್ತು 25ರ ತಾರೀಖಿನದು, ವರ್ಷಕ್ಕೆ 24 ಸಂಚಿಕೆ. ಸಂಪುಟ ಮಾತ್ರ ವರ್ಷಕ್ಕೆ ಎರಡು, ಒಂದೊಂದರಲ್ಲಿ 12 ಸಂಚಿಕೆ. 2021ರಲ್ಲಿ ಜನವರಿಯಿಂದ ಜೂನ್‌ವರೆಗೆ 120ನೇ ಸಂಪುಟ, ಜುಲೈಯಿಂದ 121. ವರ್ಷಕ್ಕೆ ಒಂದೇ ಸಂಪುಟ ಎಂದುಕೊಂಡು 24 ಮನೆಗಳ ಕಾರ್ಡ್ ಮಾಡಿದವರಿಗೆ ಜುಲೈಯಲ್ಲಿ ‘13ನೇ ಸಂಚಿಕೆ’ ಕಾಣೆಯಾಗುತ್ತದೆ. ಕಾಣೆಯಾಗಿದ್ದು ಸಂಚಿಕೆಯಲ್ಲ, ಕಾರ್ಡಿನ ಲೆಕ್ಕ. ಹೊಸ ಜರ್ನಲ್‌ಗೆ ಕಾರ್ಡ್ ತೆರೆಯುವ ಮುಂಚೆ ಹಿಂದಿನ ವರ್ಷದ ಜನವರಿ, ಜೂನ್, ಜುಲೈ, ಡಿಸೆಂಬರ್ ಈ ನಾಲ್ಕು ಸಂಚಿಕೆಗಳ ಸಂಖ್ಯೆ ನೋಡಿದರೆ ಸಾಕು, ಕ್ರಮ ಸಿಕ್ಕಿಬಿಡುತ್ತದೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗದ ಗ್ರಂಥಾಲಯಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು, ಹಿಂದಿ ಪತ್ರಿಕೆಗಳೂ ಇರುತ್ತವೆ. ಅವುಗಳ ಲೆಕ್ಕ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಊಹಿಸುವಂಥದ್ದಲ್ಲ. ಬೀದರ್, ಭಾಲ್ಕಿ, ಬಸವಕಲ್ಯಾಣದ ಕಡೆ ತರಿಸುವ ಮರಾಠಿ ಮಾಸಿಕಗಳು ಅಕ್ಟೋಬರ್–ನವೆಂಬರ್ ಸೇರಿಸಿ ದಪ್ಪನೆಯ ದೀಪಾವಳಿ ಅಂಕ ತರುವುದು ರೂಢಿ. ನವೆಂಬರ್ ಸಂಚಿಕೆ ಬೇರೆಯಾಗಿ ಬರುವುದಿಲ್ಲ. ಕೆಲವರಲ್ಲಿ ಆ ಅಂಕ ಚಂದಾದಲ್ಲೇ ಸೇರಿರುತ್ತದೆ, ಕೆಲವರು ಬೇರೆ ಹಣ ಕೇಳುತ್ತಾರೆ. ಕನ್ನಡದ ಯುಗಾದಿ, ದೀಪಾವಳಿ ವಿಶೇಷಾಂಕಗಳದೂ ಇದೇ ಕಥೆ. ಚಂದಾ ಕಟ್ಟುವಾಗಲೇ ‘ವಿಶೇಷಾಂಕ ಸೇರಿದೆಯೇ?’ ಎಂದು ಕೇಳಿ ಕಾರ್ಡಿನ ತಲೆಯಲ್ಲಿ ಬರೆದಿಡಿ.

ಉರ್ದು ಧಾರ್ಮಿಕ ಮಾಸಿಕಗಳಲ್ಲಿ ಕೆಲವು ಹಿಜ್ರಿ ತಿಂಗಳ ಲೆಕ್ಕದಲ್ಲಿ ಹೊರಡುತ್ತವೆ. ಹಿಜ್ರಿ ವರ್ಷ ಸುಮಾರು 354 ದಿನದ್ದು, ಆದ್ದರಿಂದ ಸಂಪುಟದ ಮೊದಲ ಸಂಚಿಕೆ ವರ್ಷ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಜನವರಿಗೆ ಗಟ್ಟಿಯಾಗಿ ಕಟ್ಟಿದ ಕಾರ್ಡ್ ಎರಡು ಮೂರು ವರ್ಷದಲ್ಲಿ ಒಂದು ತಿಂಗಳು ತಪ್ಪುತ್ತದೆ. ಉರ್ದು ಬಾರದ ಸಿಬ್ಬಂದಿ ನಮೂದಿಸುವುದಾದರೆ ಎರಡು ಪದ ಕಲಿಸಿ: ‘ಜಿಲ್ದ್’ ಎಂದರೆ ಸಂಪುಟ, ‘ಶುಮಾರಾ’ ಎಂದರೆ ಸಂಚಿಕೆ. ಉರ್ದು ಅಂಕಿಗಳಲ್ಲಿ 2 ಮತ್ತು 3ರ ನಡುವೆ ಇರುವುದು ಒಂದೇ ಹಲ್ಲಿನ ವ್ಯತ್ಯಾಸ; ದೇವನಾಗರಿಯಲ್ಲಿ 1 ಮತ್ತು 9 ಕಣ್ಣಿಗೆ ಮೋಸ ಮಾಡುತ್ತವೆ. ‘3 ಎರಡು ಸಲ ಬಂದಿದೆ, 2 ಬಂದೇ ಇಲ್ಲ’ ಎಂಬ ನಮೂದು ಕಂಡರೆ ಕ್ಲೇಮ್ ಬೇಡ, ಅಲಮಾರಿಯಿಂದ ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ವಿಶ್ವವಿದ್ಯಾಲಯ, ಅಕಾಡೆಮಿಗಳ ಕನ್ನಡ ತ್ರೈಮಾಸಿಕಗಳ ಬಗ್ಗೆ ಒಂದು ಮಾತು. ಅವು ತಡವಾಗುತ್ತವೆ, ಎರಡು ಮೂರು ಸಂಚಿಕೆ ಸೇರಿ ಒಟ್ಟಿಗೆ ಬರುತ್ತವೆ, ಕೆಲವೊಮ್ಮೆ ಒಂದು ವರ್ಷ ಹಾಗೇ ಹಾರಿಹೋಗುತ್ತದೆ. ಅವಕ್ಕೆ ದಿನ ಎಣಿಸಿ ಕ್ಲೇಮ್ ಬರೆಯುವುದು ದಂಡ. ಸಂಪಾದಕೀಯ ಕಚೇರಿಗೆ ಫೋನ್ ಮಾಡಿ ‘ಕೊನೆಯದಾಗಿ ಹೊರಬಂದ ಸಂಚಿಕೆ ಯಾವುದು?’ ಎಂಬ ಒಂದೇ ಪ್ರಶ್ನೆ ಕೇಳಿ. ‘ನಮ್ಮದು ಯಾಕೆ ಬಂದಿಲ್ಲ?’ ಎಂದು ಕೇಳಿದರೆ ‘ಕಳಿಸಿದ್ದೇವೆ’ ಎಂಬ ಉತ್ತರ ಬಾಯಿಪಾಠದಂತೆ ಬರುತ್ತದೆ.

ಚಂದಾ ಜೀವಂತ ಇದೆಯೇ

ಕಡಿತಕ್ಕೆ ಔಷಧ ರ್ಯಾಪರ್ ಮೇಲಿದೆ. ಹರಿದು ಕಸಕ್ಕೆ ಎಸೆಯುವ ಆ ಕಂದು ಕಾಗದದ ಮೇಲಿನ ಚೀಟಿಯಷ್ಟು ಸತ್ಯ ಹೇಳುವ ದಾಖಲೆ ಇಡೀ ಕಡತದಲ್ಲಿ ಇರುವುದಿಲ್ಲ. ವಿಳಾಸದ ಮೇಲ್ಗಡೆ ಸಾಮಾನ್ಯವಾಗಿ ಮೂರು ಸಂಗತಿ ಇರುತ್ತವೆ: ಚಂದಾದಾರ ಸಂಖ್ಯೆ, ಪ್ರತಿಗಳ ಸಂಖ್ಯೆ, ಚಂದಾ ಮುಗಿಯುವ ತಿಂಗಳು. ಕೊನೆಯದು 12/25 ಎಂದೋ, ಕೊನೆಯ ಸಂಚಿಕೆಯ ಸಂಖ್ಯೆಯಾಗಿಯೋ ಇರುತ್ತದೆ. ನಾವು 2025ರ ಮಾರ್ಚ್‌ನಲ್ಲಿ ಒಂದು ವರ್ಷದ ಹಣ ಕಟ್ಟಿ ‘2026ರ ಮಾರ್ಚ್‌ವರೆಗೆ’ ಎಂದು ಕಾರ್ಡಿನಲ್ಲಿ ಬರೆದಿರುತ್ತೇವೆ. ಚೀಟಿ 12/25 ಎನ್ನುತ್ತಿರುತ್ತದೆ. ಪ್ರಕಾಶಕ ನಂಬುವುದು ಚೀಟಿಯನ್ನು. ಪ್ರತಿ ಪತ್ರಿಕೆಗೆ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಚೀಟಿ ಕತ್ತರಿಸಿ ಆ ಪತ್ರಿಕೆಯ ಕಾರ್ಡಿನ ಹಿಂದೆ ಅಂಟಿಸಿ. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟರೂ ಆಯಿತು, ಆದರೆ ಆ ಮೊಬೈಲ್ ವರ್ಗಾವಣೆಯಾಗಿ ಹೋಗುವ ಸಿಬ್ಬಂದಿಯದಾಗಬಾರದು.

ಈ ಗೊಂದಲದ ಬೇರು ಎರಡು ಕ್ಯಾಲೆಂಡರ್‌ಗಳ ಜಗಳ. ಜರ್ನಲ್‌ಗಳ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮ ಅನುದಾನದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಣ ಕೈಗೆ ಬರುವುದು ಫೆಬ್ರವರಿ ಕೊನೆಯಲ್ಲೋ ಮಾರ್ಚ್‌ನಲ್ಲೋ. ಆಗ ಕಟ್ಟಿದರೆ ಕೆಲವು ಪ್ರಕಾಶಕರು ಜನವರಿಯಿಂದ ಲೆಕ್ಕ ಹಿಡಿದು ಹಿಂದಿನ ಸಂಚಿಕೆಗಳನ್ನು ದಾಸ್ತಾನಿದ್ದರೆ ಕಳಿಸುತ್ತಾರೆ. ಕೆಲವರು ಹಣ ತಲುಪಿದ ಮುಂದಿನ ತಿಂಗಳಿನಿಂದ ಶುರು ಮಾಡುತ್ತಾರೆ. ಹೀಗಾಗಿ ಜನವರಿ, ಫೆಬ್ರವರಿ, ಮಾರ್ಚ್ ಮನೆಗಳು ವರ್ಷ ವರ್ಷ ಖಾಲಿ. ಇದಕ್ಕೆ ಕ್ಲೇಮ್ ಬರೆದು ಪ್ರಯೋಜನವಿಲ್ಲ, ಏಕೆಂದರೆ ಆ ಸಂಚಿಕೆಗಳಿಗೆ ನಾವು ಹಣವನ್ನೇ ಕೊಟ್ಟಿರುವುದಿಲ್ಲ. ದಾರಿ ಎರಡು. ಆದೇಶ ಪತ್ರದಲ್ಲೇ ‘ಜನವರಿ ಸಂಚಿಕೆಯಿಂದ ಡಿಸೆಂಬರ್ ಸಂಚಿಕೆವರೆಗೆ’ ಎಂದು ಸ್ಪಷ್ಟವಾಗಿ ಬರೆಯುವುದು. ಇಲ್ಲವೇ ಪ್ರಕಾಶಕರು ಒಪ್ಪುವಲ್ಲಿ ಎರಡು ಮೂರು ವರ್ಷದ ಚಂದಾವನ್ನು ಒಂದೇ ಸಲ ಕಟ್ಟಿ, ಪ್ರತಿ ವರ್ಷದ ಮೂರು ತಿಂಗಳ ಕಂದಕವನ್ನು ಆ ಅವಧಿಗೆ ಒಂದೇ ಸಲಕ್ಕೆ ಇಳಿಸುವುದು. ನಮ್ಮ ಒಲವು ಎರಡನೆಯದಕ್ಕೆ. ಆದರೆ ಮುಂಗಡ ಪಾವತಿಗೆ ಲೆಕ್ಕಪತ್ರ ಶಾಖೆಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಹಣ ಹೋಗಿದೆ, ಚಂದಾ ಮಾತ್ರ ಏರಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಇದು ಸಾಮಾನ್ಯ, ಕಾರಣವೂ ಸರಳ. ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರ ಮೂಲಕ ಹಣ ಹೋದಾಗ ಪ್ರಕಾಶಕರ ಬ್ಯಾಂಕ್ ಖಾತೆಯಲ್ಲಿ ಕಾಣುವುದು ಸರ್ಕಾರದ ಹೆಸರು, ಮೊತ್ತ, ಒಂದು ಯುಟಿಆರ್ (ಆ ಪಾವತಿಯನ್ನು ಗುರುತಿಸುವ) ಸಂಖ್ಯೆ. ಸೇಡಂ ಕಾಲೇಜಿನದೋ ಸುರಪುರ ಕಾಲೇಜಿನದೋ ಎಂದು ತಿಳಿಯಲು ಅಲ್ಲಿ ಏನೂ ಇರುವುದಿಲ್ಲ. ಹಣ ‘ಗುರುತಿಸದ ಜಮೆ’ ತಲೆಬರಹದ ಅಡಿ ಕೂತುಬಿಡುತ್ತದೆ, ನಾವು ಪತ್ರಿಕೆಗೆ ಕಾಯುತ್ತ ಕೂರುತ್ತೇವೆ. ಬಿಲ್ಲು ಪಾಸಾದ ದಿನವೇ ಖಜಾನೆ ಶಾಖೆಯಿಂದ ಯುಟಿಆರ್ ಬರೆದುಕೊಂಡು ಪ್ರಕಾಶಕರಿಗೆ ಇಮೇಲ್ ಮಾಡಿ: ಯುಟಿಆರ್, ದಿನಾಂಕ, ಮೊತ್ತ, ಪ್ರೊಫಾರ್ಮಾ ಇನ್‌ವಾಯ್ಸ್ ಸಂಖ್ಯೆ, ಹಳೆಯ ಚಂದಾದಾರ ಸಂಖ್ಯೆ, ಪೂರ್ತಿ ವಿಳಾಸ. ನೆಫ್ಟ್‌ನ ಯುಟಿಆರ್ 16 ಅಕ್ಷರದ್ದು, ಆರ್‌ಟಿಜಿಎಸ್‌ನದು 22. ಎಣಿಸಿ ಕಳಿಸಿ. ಒಂದು ಅಂಕಿ ಬಿಟ್ಟುಹೋದರೆ ಹುಡುಕುವವರಿಗೂ ಸಿಗುವುದಿಲ್ಲ.

ನವೀಕರಿಸುವಾಗ ಹಳೆಯ ಚಂದಾದಾರ ಸಂಖ್ಯೆ ಬರೆಯದಿದ್ದರೆ ಹೊಸ ಚಂದಾದಾರರೆಂದು ಇನ್ನೊಂದು ಖಾತೆ ತೆರೆಯುತ್ತಾರೆ. ಒಂದು ತಿಂಗಳು ಎರಡು ಪ್ರತಿ, ಆಮೇಲೆ ಒಂದೂ ಇಲ್ಲ ಎಂಬ ವಿಚಿತ್ರ ಆಕಾರ ಕಂಡರೆ ಇದನ್ನೇ ಶಂಕಿಸಿ.

ಏಜೆಂಟ್ ಮೂಲಕ ತರಿಸುವುದಾದರೆ ನಾವು ಏಜೆಂಟ್‌ಗೆ ಕಟ್ಟಿದ ರಸೀದಿ ಸಾಲದು, ಅವರು ಪ್ರಕಾಶಕರಿಗೆ ಕಟ್ಟಿದ ಪುರಾವೆ ಬೇಕು. ಮೇ ತಿಂಗಳೊಳಗೆ ಕೇಳಿ. ‘ಕೊಡುತ್ತೇವೆ’ ಎಂದು ತಳ್ಳಿದರೆ ನೇರವಾಗಿ ಪ್ರಕಾಶಕರಿಗೆ ಬರೆದು ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಇದು ಅತಿ ಸಂಶಯವೇನಲ್ಲ: ಜಗತ್ತಿನ ದೊಡ್ಡ ಚಂದಾ ಏಜೆನ್ಸಿಗಳಲ್ಲಿ ಒಂದಾಗಿದ್ದ ಸ್ವೆಟ್ಸ್ 2014ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾದಾಗ ಮುಂಗಡ ಕಟ್ಟಿದ್ದ ಗ್ರಂಥಾಲಯಗಳು ಪಾಡು ಪಟ್ಟವು. ಬಿಲ್ಲಿನಲ್ಲಿ ಇನ್ನೊಂದನ್ನೂ ನೋಡಿ, ಮುದ್ರಿತ ಪತ್ರಿಕೆ, ಜರ್ನಲ್‌ಗಳ ಮೇಲೆ ಜಿಎಸ್‌ಟಿ ಶೂನ್ಯ. ತೆರಿಗೆ ಸೇರಿಸಿದ ಬಿಲ್ಲು ಆಕ್ಷೇಪಣೆಗೆ ಸಿಕ್ಕಿ ವಾಪಸಾದರೆ ಚಂದಾ ಇನ್ನೊಂದು ತಿಂಗಳು ತಡ.

ವಿಳಾಸ ಮತ್ತು ಬೇಸಿಗೆ ವೇಳೆ

2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಗುಲಬರ್ಗಾ ವಿಶ್ವವಿದ್ಯಾಲಯ ಹೆಸರು ಬದಲಿಸಿಕೊಳ್ಳಲಿಲ್ಲ. ಯಾದಗಿರಿ 2010ರವರೆಗೆ ಗುಲಬರ್ಗಾ ಜಿಲ್ಲೆಯ ತಾಲೂಕಾಗಿತ್ತು. ಹೀಗಾಗಿ ಪ್ರಕಾಶಕರ ಪಟ್ಟಿಗಳಲ್ಲಿ ಒಂದೇ ಗ್ರಂಥಾಲಯ ಗುಲಬರ್ಗಾ, ಕಲ್ಬುರ್ಗಿ, ಕಲಬುರಗಿ ಎಂದು ಮೂರು ಬಗೆಯಾಗಿ ಕೂತಿರುತ್ತದೆ. ಹೆಸರು ಹೇಗೇ ಇದ್ದರೂ ಪಿನ್ ಸರಿ ಇದ್ದರೆ ಕಟ್ಟು ಬರುತ್ತದೆ. ಪಿನ್ ತಪ್ಪಿದರೆ ಹೆಸರು ಕಾಪಾಡುವುದಿಲ್ಲ. ಕಲಬುರಗಿ ಪ್ರಧಾನ ಅಂಚೆ ಕಚೇರಿ 585101, ಬೀದರ್ 585401, ಸುರಪುರ 585224.

ಶಹಾಪುರದವರು ಇನ್ನಷ್ಟು ಎಚ್ಚರವಾಗಿರಬೇಕು. ಯಾದಗಿರಿ ಜಿಲ್ಲೆಯ ಶಹಾಪುರ 585223. ಬೆಳಗಾವಿ ನಗರದಲ್ಲೊಂದು ಶಹಾಪುರವಿದೆ, 590003. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಮತ್ತೊಂದು. ಪ್ರಕಾಶಕರ ಗಣಕದಲ್ಲಿ ಊರ ಹೆಸರು ಹೊಡೆದಾಗ ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಆರಿಸಿದರೆ ಮುಗಿಯಿತು. ಶಹಾಬಾದ್, ಔರಾದ್ ಊರುಗಳದೂ ಇದೇ ಪಾಡು. ವಿಳಾಸದಲ್ಲಿ ಜಿಲ್ಲೆಯ ಹೆಸರು ಕಡ್ಡಾಯವಾಗಿ ಬರೆಸಿ. ವಿಳಾಸ ಬದಲಾವಣೆ ಜಾರಿಗೆ ಬರಲು ಒಂದೆರಡು ಸಂಚಿಕೆ ಹಿಡಿಯುತ್ತದೆ. ಆ ನಡುವೆ ಹಳೆಯ ಬಡಾವಣೆಯ ಅಂಚೆ ಕಚೇರಿಗೆ ಒಂದು ಪತ್ರ ಕೊಟ್ಟು ಹೊಸ ಜಾಗಕ್ಕೆ ತಿರುಗಿಸಲು ಕೇಳಿ.

‘ಪ್ರಾಂಶುಪಾಲರು’ ಎಂದು ಮಾತ್ರ ವಿಳಾಸವಿದ್ದರೆ ಸಂಚಿಕೆ ಪ್ರಾಂಶುಪಾಲರ ಕೊಠಡಿಗೇ ಹೋಗುತ್ತದೆ. ‘ಗ್ರಂಥಪಾಲಕರು, ನಿಯತಕಾಲಿಕೆ ವಿಭಾಗ’ ಎಂದು ಮಾಡಿಸಿ. ಹುದ್ದೆಯ ಹೆಸರಿರಲಿ, ವ್ಯಕ್ತಿಯ ಹೆಸರು ಬೇಡ. ಅವರು ವರ್ಗವಾದರೆ ಪತ್ರಿಕೆಯೂ ಹಿಂದೆಯೇ ಹೋಗುತ್ತದೆ.

ಇನ್ನು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಕಾಲೇಜಿಗೆ ರಜೆ ಬೇರೆ. ಟಪಾಲು ಬರುವುದು 2 ಗಂಟೆಗಾದರೆ ಬಾಗಿಲಿಗೆ ಬೀಗ. ಸಾದಾ ಅಂಚೆಯ ಪತ್ರಿಕೆ ಗೇಟಿನ ಸಂದಿಯಲ್ಲಿ, ಕಾವಲುಗಾರರ ಕೋಣೆಯಲ್ಲಿ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಉಳಿಯುತ್ತದೆ. ಎಲ್ಲ ಪತ್ರಿಕೆಗಳಲ್ಲೂ ಮೇ ಮನೆಗಳೇ ಖಾಲಿಯಾಗುವುದು ಇದರಿಂದ. ಏಪ್ರಿಲ್ ಮೊದಲ ವಾರ ನಿಮ್ಮ ಅಂಚೆ ಕಚೇರಿಗೆ ಹೋಗಿ ವೇಳೆ ಬದಲಾದದ್ದನ್ನು ತಿಳಿಸಿ. ಕಟ್ಟು ಹೆಚ್ಚು ಬರುವ ಗ್ರಂಥಾಲಯವಾದರೆ ವಾರಕ್ಕೆರಡು ಸಲ ಕೌಂಟರ್‌ನಿಂದಲೇ ಸಿಪಾಯಿ ತರುವ ಏರ್ಪಾಡು ಮಾಡಿ. ಬಾಗಿಲಿಗೆ ಒಂದು ಬೀಗದ ತಗಡಿನ ಟಪಾಲು ಡಬ್ಬಿ ಹಾಕಿಸಿದರೆ ಅರ್ಧ ಕೆಲಸ ಮುಗಿದಂತೆ. ಬಾಯಿ ಅಗಲ ಹದಿನಾಲ್ಕು ಇಂಚಾದರೂ ಇರಲಿ. ಇಲ್ಲದಿದ್ದರೆ ಎ4 ಅಳತೆಯ ಪತ್ರಿಕೆ ಮಡಚಿ ತುರುಕುತ್ತಾರೆ.

ನೋಂದಾಯಿತ ಪತ್ರಿಕೆಗಳು ರಿಯಾಯಿತಿ ಅಂಚೆಯಲ್ಲಿ ಬರುವುದರಿಂದ ಅವಕ್ಕೆ ಟ್ರ್ಯಾಕಿಂಗ್ ಸಂಖ್ಯೆ ಇರುವುದಿಲ್ಲ. ಒಂದು ಸಂಚಿಕೆಗಾಗಿ ಅಂಚೆ ದೂರು ಕೊಟ್ಟರೆ ಹುಡುಕಲು ಅವರಿಗೂ ದಾರಿಯಿಲ್ಲ. ಮೂರು ತಿಂಗಳಲ್ಲಿ ಬಾರದ ಏಳೆಂಟು ಸಂಚಿಕೆಗಳ ಪಟ್ಟಿಯನ್ನು, ಸಂಚಿಕೆ ರವಾನೆಯಾದ ದಿನಾಂಕದ ಸಮೇತ, ಲಿಖಿತವಾಗಿ ಕೊಟ್ಟರೆ ಯಾವ ಅಂಚೆಯವರ ಬೀಟ್, ಯಾವ ವಾರ ಎಂಬುದು ಅವರಿಗೆ ಕಾಣುತ್ತದೆ. ಬೆಲೆಬಾಳುವ ಜರ್ನಲ್‌ಗಳನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಲು ಕೇಳಿ, ಹೆಚ್ಚಿನ ಅಂಚೆ ವೆಚ್ಚವನ್ನು ಚಂದಾದಲ್ಲಿ ಸೇರಿಸಿ.

ಕಟ್ಟಡದೊಳಗಿನ ಹುಡುಕಾಟ

ಕ್ಲೇಮ್‌ಗೆ ಮುಂಚೆ ಈ ಸುತ್ತು ಕಡ್ಡಾಯ: ಆವಕ ಶಾಖೆಯ ಮೇಜು, ಪ್ರಾಂಶುಪಾಲರ ಕೊಠಡಿ, ಸಂಬಂಧಪಟ್ಟ ವಿಭಾಗದ ಸ್ಟಾಫ್ ರೂಮ್, ಪ್ರದರ್ಶನದ ರ್ಯಾಕ್‌ನ ಓರೆ ಹಲಗೆಯ ಹಿಂಭಾಗ, ಹಿಂದಿನ ತಿಂಗಳ ಕಟ್ಟು, ಬೈಂಡಿಂಗ್‌ಗೆ ತೆಗೆದಿಟ್ಟ ರಾಶಿ. ಓರೆ ಹಲಗೆ ಎತ್ತಿದರೆ ಹಳೆಯ ಸಂಚಿಕೆ ಇಡುವ ಖಾನೆ ಇರುತ್ತದೆ. ಇಂದಿನದು ಅಲ್ಲಿಗೆ ಜಾರಿ ಬಿದ್ದಿರುವುದು ಮಾಮೂಲು.

ಇನ್ನೊಂದು ಬಗೆಯ ಕಳವು ಕಾರ್ಡಿನಲ್ಲೇ ನಡೆಯುತ್ತದೆ. ‘ಯೋಜನಾ’ ಮಾಸಿಕ ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ತೆಲುಗು ಸೇರಿ 13 ಭಾಷೆಗಳಲ್ಲಿ ಬರುತ್ತದೆ. ನಮ್ಮ ಗ್ರಂಥಾಲಯಗಳಲ್ಲಿ ಎರಡು ಮೂರು ಭಾಷೆಯವು ಒಟ್ಟಿಗಿರುತ್ತವೆ. ಕನ್ನಡದ್ದನ್ನು ಇಂಗ್ಲಿಷ್ ಕಾರ್ಡಿನಲ್ಲಿ ಗುರುತು ಹಾಕಿದರೆ ಒಂದರಲ್ಲಿ ಎರಡು ಪ್ರತಿ, ಇನ್ನೊಂದರಲ್ಲಿ ತೂತು. ಪ್ರತಿ ಭಾಷೆಗೆ ಬೇರೆ ಕಾರ್ಡ್, ಕಾರ್ಡಿನ ಮೂಲೆಗೆ ಭಾಷೆಗೊಂದು ಬಣ್ಣದ ಚೀಟಿ.

ಒಂದೇ ಹೆಸರಿನ ಜರ್ನಲ್‌ಗಳನ್ನು ಬೇರ್ಪಡಿಸಲು ಇರುವುದು ಐಎಸ್‌ಎಸ್‌ಎನ್, ನಿಯತಕಾಲಿಕೆಗಳ ಎಂಟು ಅಂಕಿಯ ಅಂತರರಾಷ್ಟ್ರೀಯ ಸಂಖ್ಯೆ. ಮುದ್ರಿತ ರೂಪಕ್ಕೆ ಒಂದು, ಆನ್‌ಲೈನ್ ರೂಪಕ್ಕೆ ಇನ್ನೊಂದು. ಆದೇಶದಲ್ಲಿ ಅದು ತಪ್ಪಾಗಿ ಬಿದ್ದರೆ ಏಜೆಂಟ್ ಬೇರೆಯದನ್ನೇ ತರಿಸಿರುತ್ತಾನೆ. ಸಂಖ್ಯೆ ಸರಿಯೇ ಎಂದು ಕೈಯಲ್ಲೇ ತಾಳೆ ನೋಡಬಹುದು. 0012-9976 ತೆಗೆದುಕೊಳ್ಳಿ, ಮೇಲೆ ಹೇಳಿದ ವಾರಪತ್ರಿಕೆಯದು. ಮೊದಲ ಏಳು ಅಂಕಿಗಳನ್ನು ಎಡದಿಂದ ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ: 0, 0, 6, 10, 36, 27, 14. ಕೂಡಿದರೆ 93. ಅದನ್ನು 11ರಿಂದ ಭಾಗಿಸಿದರೆ ಶೇಷ 5. 11ರಲ್ಲಿ 5 ಕಳೆದರೆ 6. ಕೊನೆಯ ಅಂಕಿ 6 ಇದೆ, ಸಂಖ್ಯೆ ಸರಿ. ಶೇಷ ಸೊನ್ನೆಯಾದರೆ ಕೊನೆಯ ಅಂಕಿ 0. ಕಳೆದಾಗ 10 ಬಂದರೆ ಅಲ್ಲಿ ಎಕ್ಸ್ ಇರುತ್ತದೆ.

ಕೋಹಾ ಬಳಸುವವರಿಗೆ

ಗ್ರಂಥಾಲಯ ತಂತ್ರಾಂಶ ಕೋಹಾದ ಸೀರಿಯಲ್ಸ್ (ನಿಯತಕಾಲಿಕೆ) ಮಾಡ್ಯೂಲ್ ತಾನಾಗಿ ಎಲ್ಲ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೇ ಮೊದಲ ದೋಷ. ‘ಎಕ್ಸ್‌ಪೆಕ್ಟೆಡ್’ ಇದ್ದದ್ದು ‘ಲೇಟ್’ ಆಗಲು ಸರ್ವರ್‌ನಲ್ಲಿ ಸೀರಿಯಲ್ಸ್ ಅಪ್‌ಡೇಟ್ ಸ್ಕ್ರಿಪ್ಟ್ ಕ್ರಾನ್‌ನಲ್ಲಿ, ಅಂದರೆ ನಿಗದಿತ ವೇಳೆಗೆ ತಾನಾಗಿ, ಓಡುತ್ತಿರಬೇಕು. ಅದು ಓಡದಿದ್ದರೆ ಬಾರದ ಸಂಚಿಕೆಗಳು ಎಕ್ಸ್‌ಪೆಕ್ಟೆಡ್ ಆಗಿಯೇ ಉಳಿಯುತ್ತವೆ. ಚಂದಾ ಅವಧಿ ಮುಗಿದ ಪತ್ರಿಕೆಗೆ ಆ ಸ್ಕ್ರಿಪ್ಟ್ ಏನನ್ನೂ ಮಾಡುವುದಿಲ್ಲ, ಅಂದರೆ ಅತಿ ಹೆಚ್ಚು ಎಚ್ಚರಿಸಬೇಕಾದ ಹೊತ್ತಿನಲ್ಲೇ ಕೋಹಾ ಸುಮ್ಮನಾಗುತ್ತದೆ. ತಿಂಗಳಿಗೊಮ್ಮೆ ‘ಚೆಕ್ ಎಕ್ಸ್‌ಪಿರೇಷನ್’ ತೆರೆದು ಮುಂದಿನ ಮೂರು ತಿಂಗಳ ಪಟ್ಟಿ ತೆಗೆಯಿರಿ.

ಕ್ಲೇಮ್ ಇಮೇಲ್ ಹೋಗುತ್ತಿಲ್ಲವೆಂದರೆ ಪೂರೈಕೆದಾರರ ಪುಟದಲ್ಲಿ ಸಂಪರ್ಕದ ಇಮೇಲ್ ಇದೆಯೇ, ತಡವಾದ ಸಂಚಿಕೆಗಳ ಬಗ್ಗೆ ಸಂಪರ್ಕಿಸಬೇಕೆಂಬ ಚೌಕಕ್ಕೆ ಗುರುತು ಬಿದ್ದಿದೆಯೇ, ಕ್ಲೇಮ್‌ನ ನೋಟಿಸ್ ಮಾದರಿ ತಯಾರಿದೆಯೇ, ಈ ಮೂರನ್ನು ನೋಡಿ. ಸಂಚಿಕೆಗಳು ಇದ್ದಕ್ಕಿದ್ದಂತೆ ಲೇಟ್ ಪಟ್ಟಿಗೆ ಬಿದ್ದರೆ ಯಾರೋ ‘ಜನರೇಟ್ ನೆಕ್ಸ್ಟ್’ ಗುಂಡಿ ಒತ್ತಿರುತ್ತಾರೆ. ಅದು ಕಾಯುತ್ತಿದ್ದ ಸಂಚಿಕೆಯನ್ನು ಲೇಟ್ ಮಾಡಿ ಮುಂದಿನದನ್ನು ಹುಟ್ಟಿಸುತ್ತದೆ. ಸಂಖ್ಯಾ ಕ್ರಮ ಬರೆದ ಮೇಲೆ ‘ಟೆಸ್ಟ್ ಪ್ರೆಡಿಕ್ಷನ್ ಪ್ಯಾಟರ್ನ್’ ಒತ್ತಿ ಹದಿನಾಲ್ಕು ತಿಂಗಳವರೆಗೆ ಕಣ್ಣಾಡಿಸಿ. ಸಂಪುಟ ಬದಲಾಗುವ ತಿರುವಿನಲ್ಲೇ ತಪ್ಪು ಬಯಲಾಗುತ್ತದೆ.

ಮೂವತ್ತು ಪತ್ರಿಕೆಗಳ ಕಾಲೇಜಿಗೆ ಇಷ್ಟೆಲ್ಲ ಬೇಡ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಮೂರು ಕಾರ್ಡ್ ಪದ್ಧತಿಯ ‘ಚೆಕ್ ಕಾರ್ಡ್’ ಮಾಡುತ್ತಿದ್ದದ್ದೂ ಇದನ್ನೇ: ಪ್ರತಿ ಪತ್ರಿಕೆಯ ಕಾರ್ಡು ಅದು ಬರಬೇಕಾದ ವಾರದ ಹಿಂದೆ ಕೂತಿರುತ್ತದೆ, ವಾರ ಮುಗಿದರೂ ಅಲ್ಲೇ ಉಳಿದದ್ದು ಬಾರದ ಸಂಚಿಕೆ. ಒಂದು ರಟ್ಟಿನ ಡಬ್ಬಿ ಸಾಕು.

ಕ್ಲೇಮ್ ಬರೆಯುವುದು

ಬೇಗ ಬರೆದರೆ ದಾರಿಯಲ್ಲಿರುವುದಕ್ಕೆ ಬರೆದಂತೆ, ತಡ ಮಾಡಿದರೆ ದಾಸ್ತಾನು ಮುಗಿದಿರುತ್ತದೆ. ಬಳಸಬಹುದಾದ ಕಾಯುವ ಅವಧಿ: ವಾರಪತ್ರಿಕೆಗೆ 10 ದಿನ, ಪಾಕ್ಷಿಕಕ್ಕೆ 15, ಮಾಸಿಕಕ್ಕೆ 30, ತ್ರೈಮಾಸಿಕಕ್ಕೆ 60, ವಿದೇಶದಿಂದ ಬರುವುದಕ್ಕೆ 60ರಿಂದ 90. ಆದರೆ ಮುಂದಿನ ಸಂಚಿಕೆ ಕೈಗೆ ಬಂದ ದಿನ ಈ ಲೆಕ್ಕ ರದ್ದು. ತೂತು ಖಚಿತವಾದಂತೆ, ಅಂದೇ ಬರೆಯಿರಿ. ಉಚಿತವಾಗಿ ಮತ್ತೆ ಕಳಿಸುವ ಗಡುವು ದೇಶದೊಳಗಿನ ಪ್ರಕಾಶಕರಲ್ಲಿ ಸಾಮಾನ್ಯವಾಗಿ 30ರಿಂದ 60 ದಿನ, ವಿದೇಶಿಗಳಲ್ಲಿ ಮೂರರಿಂದ ಆರು ತಿಂಗಳು. ಖಚಿತ ಗಡುವು ಇನ್‌ವಾಯ್ಸ್‌ನ ಷರತ್ತುಗಳಲ್ಲಿರುತ್ತದೆ, ಅದನ್ನು ಕಾರ್ಡಿಗೆ ಬರೆದುಕೊಳ್ಳಿ.

ಪತ್ರ ಚಿಕ್ಕದಿರಲಿ. ಹೀಗೆ:

‘ಚಂದಾದಾರ ಸಂಖ್ಯೆ ______, ಅವಧಿ ಜನವರಿ–ಡಿಸೆಂಬರ್, ಪಾವತಿ ಯುಟಿಆರ್ ______, ದಿನಾಂಕ ______. ಸಂಪುಟ 34ರ ಸಂಚಿಕೆ 6 ಜೂನ್ 12ರಂದೂ, ಸಂಚಿಕೆ 8 ಆಗಸ್ಟ್ 11ರಂದೂ ಇದೇ ವಿಳಾಸಕ್ಕೆ ತಲುಪಿವೆ. ಸಂಚಿಕೆ 7 (ಜುಲೈ) ತಲುಪಿಲ್ಲ. ದಯವಿಟ್ಟು ಇನ್ನೊಂದು ಪ್ರತಿ ಕಳಿಸಿ. ದಾಸ್ತಾನು ಇಲ್ಲದಿದ್ದರೆ ಚಂದಾವನ್ನು ಒಂದು ಸಂಚಿಕೆಯಷ್ಟು ಮುಂದುವರಿಸಿ ತಿಳಿಸಿ. ರ್ಯಾಪರ್ ಚೀಟಿಯ ಚಿತ್ರ ಲಗತ್ತಿಸಿದೆ.’

ಬಂದ ಎರಡು ಸಂಚಿಕೆಗಳ ದಿನಾಂಕ ಬರೆಯುವುದರಲ್ಲೇ ಪತ್ರದ ಬಲವಿದೆ. ವಿಳಾಸ ತಪ್ಪು, ಚಂದಾ ಮುಗಿದಿದೆ ಎಂಬ ಎರಡು ಸಿದ್ಧ ಉತ್ತರಗಳಿಗೆ ಅದು ಮೊದಲೇ ಬಾಗಿಲು ಹಾಕುತ್ತದೆ. ಜಾವಕ ಸಂಖ್ಯೆ ಹಾಕದೆ ಕಳಿಸಬೇಡಿ, ಇಮೇಲ್ ಆದರೂ ಸರಿ; ಲೆಕ್ಕಪರಿಶೋಧನೆಯವರು ಕೇಳುವುದು ಆ ಸಂಖ್ಯೆಯನ್ನೇ. ಮೂವತ್ತು ದಿನಕ್ಕೊಂದರಂತೆ ಎರಡು ನೆನಪೋಲೆ, ಮೂರನೆಯದು ಹಣದ ಲೆಕ್ಕದೊಂದಿಗೆ. ವರ್ಷಕ್ಕೆ 12 ಸಂಚಿಕೆಯ ಪತ್ರಿಕೆಗೆ 1,800 ರೂಪಾಯಿ ಕಟ್ಟಿದ್ದರೆ ಬಿಡಿ ಸಂಚಿಕೆಗೆ 150, ಎರಡು ಬಂದಿಲ್ಲದಿದ್ದರೆ 300. ಅದೇ 1,800 ತ್ರೈಮಾಸಿಕಕ್ಕಾದರೆ ಒಂದು ಸಂಚಿಕೆಗೇ 450. ಏಜೆಂಟ್ ಆದರೆ ಈ ಮೊತ್ತಕ್ಕೆ ಕ್ರೆಡಿಟ್ ನೋಟ್ ಪಡೆದು ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳಿ. ಆದೇಶದಲ್ಲಿ ಈ ಷರತ್ತು ಇಲ್ಲದಿದ್ದರೆ ಅವರು ಕೊಡಬೇಕಾಗಿಲ್ಲ, ಆದ್ದರಿಂದ ಆದೇಶದಲ್ಲೇ ಸೇರಿಸಿ.

ದಿನಪತ್ರಿಕೆಗೆ ಪತ್ರವ್ಯವಹಾರ ಬೇಡ. ಬಾರದ ದಿನಕ್ಕೆ ರಿಜಿಸ್ಟರ್‌ನಲ್ಲಿ ಅಡ್ಡಗೆರೆ, ತಿಂಗಳ ಕೊನೆಗೆ ಏಜೆಂಟ್ ಬಿಲ್ಲಿನಲ್ಲಿ ಕಡಿತ.

ಆನ್‌ಲೈನ್ ತೆರೆಯದಿದ್ದರೆ

ಆಕಾರದ ನಿಯಮ ಇಲ್ಲಿಗೂ ಹೊಂದುತ್ತದೆ. ಎಲ್ಲ ಜರ್ನಲ್‌ಗಳೂ ಒಂದೇ ದಿನ ಮುಚ್ಚಿಕೊಂಡವೆಂದರೆ ಕಾಲೇಜಿನ ಇಂಟರ್‌ನೆಟ್ ಸಂಪರ್ಕ ಬದಲಾಗಿ ಪ್ರಕಾಶಕರು ಕಾಲೇಜನ್ನು ಗುರುತಿಸುವ ಸ್ಥಿರ ಐಪಿ (ಇಂಟರ್‌ನೆಟ್ ವಿಳಾಸ) ಬೇರೆಯಾಗಿದೆ. ಹೊಸ ಐಪಿಯನ್ನು ಎಲ್ಲ ಪ್ರಕಾಶಕರಿಗೂ ಕಳಿಸಬೇಕು. ಒಂದೇ ಜರ್ನಲ್ ಮುಚ್ಚಿದ್ದರೆ ಅದರ ಚಂದಾ ನವೀಕರಣವಾಗಿಲ್ಲ, ಇಲ್ಲವೇ ಮುದ್ರಿತದ ಜೊತೆ ಬರುವ ಆನ್‌ಲೈನ್ ಹಕ್ಕನ್ನು ಚಂದಾದಾರ ಸಂಖ್ಯೆ ಹಾಕಿ ಸಕ್ರಿಯಗೊಳಿಸಿಲ್ಲ. ಕ್ಯಾಂಪಸ್‌ನಲ್ಲಿ ತೆರೆದು ಹಾಸ್ಟೆಲ್‌ನ ಮೊಬೈಲ್‌ನಲ್ಲಿ ತೆರೆಯದಿದ್ದರೆ ಅದು ದೋಷವೇ ಅಲ್ಲ, ಕ್ಯಾಂಪಸ್ ಹೊರಗಿನಿಂದ ತೆರೆಯುವ ಲಾಗಿನ್ ಬೇಕು.

2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ಮೂಲಕ ತೆರೆದಿಟ್ಟಿದೆ. ವಿದೇಶಿ ಜರ್ನಲ್‌ನ ಕಾಣೆಯಾದ ಸಂಚಿಕೆಗೆ ಆರು ತಿಂಗಳು ಬಡಿದಾಡುವ ಮುಂಚೆ ಆ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ಮುಂದಿನ ವರ್ಷ ಮುದ್ರಿತ ಪ್ರತಿಯನ್ನೇ ಬಿಡಬಹುದು. ಖಾಸಗಿ ಕಾಲೇಜುಗಳಿಗೆ ಈ ಬಾಗಿಲು ಇನ್ನೂ ತೆರೆದಿಲ್ಲ.

ಕೊನೆಗೂ ಸಿಗದ ಸಂಚಿಕೆ

ಮೂರು ಪತ್ರಕ್ಕೂ ಬರಲಿಲ್ಲ, ಬೈಂಡಿಂಗ್‌ನವರು ಬಂದು ಕೂತಿದ್ದಾರೆ. ಒಂದು ತೂತಿಗಾಗಿ ಹನ್ನೊಂದು ಬಿಡಿ ಸಂಚಿಕೆಗಳನ್ನು ವರ್ಷಗಟ್ಟಲೆ ಹಗ್ಗ ಕಟ್ಟಿ ಇಡಬೇಡಿ. ಕಾದಷ್ಟೂ ಇನ್ನೆರಡು ಕಳೆಯುತ್ತವೆ. ಜಿಲ್ಲೆಯ ಬೇರೆ ಗ್ರಂಥಾಲಯದಲ್ಲಿ ಅದೇ ಪತ್ರಿಕೆಯ ಹೆಚ್ಚುವರಿ ಪ್ರತಿ ಇದೆಯೇ ಕೇಳಿ. ಹೆಚ್ಚುವರಿ ಪ್ರತಿಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಸ್ಪರ ಹಂಚಿಕೊಂಡರೆ ಇಂಥ ತೂತುಗಳು ಬಹಳಷ್ಟು ಮುಚ್ಚುತ್ತವೆ. ಸಿಗದಿದ್ದರೆ ಪ್ರಕಾಶಕರ ಅಥವಾ ಡೆಲ್‌ನೆಟ್‌ನಂಥ ಗ್ರಂಥಾಲಯಗಳ ಜಾಲದ ಮೂಲಕ ಬೇಕಾದ ಲೇಖನದ ಪ್ರತಿ ತರಿಸಿ. ವಿಷಯಸೂಚಿ ಪುಟವನ್ನಾದರೂ ಪಡೆಯಿರಿ, ಯಾವ ಲೇಖನ ಇಲ್ಲ ಎಂಬುದು ಓದುಗನಿಗೆ ತಿಳಿಯಬೇಕು.

ಬೈಂಡ್ ಮಾಡುವಾಗ ಕಾಣೆಯಾದ ಸಂಚಿಕೆಯ ಜಾಗದಲ್ಲಿ ಒಂದು ಬಣ್ಣದ ಕಾಗದ ಹೊಲಿಸಿ, ಅದರ ಮೇಲೆ ‘ಸಂಪುಟ 34, ಸಂಚಿಕೆ 7 ಬಂದಿಲ್ಲ’ ಎಂದು ಬರೆದು ಕೊನೆಯ ನೆನಪೋಲೆಯ ಜಾವಕ ಸಂಖ್ಯೆ ಹಾಕಿ. ಆ ದಪ್ಪಕ್ಕೆ ಹೊಲಿಗೆಯಲ್ಲಿ ನಾಲ್ಕೈದು ಕಿರು ಕಾಗದದ ಪಟ್ಟಿ ಕಟ್ಟಿಸಿದರೆ ಸಂಚಿಕೆ ಮುಂದೆ ಸಿಕ್ಕಾಗ ಸಂಪುಟ ಬಿಚ್ಚದೆ ಅಂಟಿಸಬಹುದು. ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ 1–12 ಎಂದು ಹಾಕಿಸುವುದು ಸುಳ್ಳು ಸಾಕ್ಷಿ. 1–6, 8–12 ಎಂದೇ ಹಾಕಿಸಿ, ಕ್ಯಾಟಲಾಗ್‌ನ ಸಂಗ್ರಹ ವಿವರದಲ್ಲೂ ಹಾಗೆಯೇ ತಿದ್ದಿ. ಕೋಹಾದಲ್ಲಿ ಆ ಸಂಚಿಕೆಯನ್ನು ‘ಲೇಟ್’ನಿಂದ ‘ಮಿಸ್ಸಿಂಗ್’ಗೆ ಬದಲಿಸಿ.